ಒಂಬತ್ತನೆಯ ಎಲೆ

"ಕುಟುಂಬದ ಹಿನ್ನೆಲೆ ಮತ್ತು ಬಾಲ್ಯ," ಎಂದು ಸುಹರಾ ದೊಡ್ಡ ದನಿಯಲ್ಲಿ ಓದತೊಡಗಿದಳು. ನಾನು ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದೆ. "ಶ್ರೀಮತಿ ಜಲಜಾಕ್ಷಿಯವರು ಕೊಟ್ಟಾರದ ಪ್ರತಿಷ್ಠಿತ ಗುತ್ತಿನ ಮನೆತನದಲ್ಲಿ ಜನಿಸಿದರು. ಎಳವೆಯಲ್ಲೇ ಅವರ ಕಲಾಸಕ್ತಿಯನ್ನು ಗುರುತಿಸಿ, ನೀರೆರೆದು ಪೋಷಿಸಿದವರು ಸೋದರಮಾವ ಸಂಕಪ್ಪನವರು..."

"ನಿಲ್ಲಿಸು," ಅಂದೆ.

"ಇನ್ನೂ ಉಂಟು ಮಾರಾಯ್ತಿ. ಪ್ರೇರಣಾ ಶಕ್ತಿ ಅಂತೆ."

"ಎರೆದದ್ದು ಎಳ್ಳುನೀರು ಅಂತ ಬರೆಯಲಿಕ್ಕೆ ಹೇಳು. ಮತ್ತೆ, ಮದುವೆಯೇ ಆಗದವಳಿಗೆ ಶ್ರೀಮತಿ ಯಾಕೆ?"

ಸುಹರಾ ನಕ್ಕಳು. ನನಗೆ ನಗು ಬರಲಿಲ್ಲ. ನಾವು ಕೂತದ್ದು ಬಂದರಿನಲ್ಲಿ, ಅವಳ ವೇಷಭೂಷಣದ ಅಂಗಡಿಯ ಮಹಡಿಯಲ್ಲಿ. ಕೆಳಗಿನದು ಅವಳ ಅಪ್ಪ ಮೊಯ್ದೀನಬ್ಬರ ಕಾಲದ ಮೆಣಸಿನ ಗೋದಾಮು; ಈಗಲೂ ಮೆಟ್ಟಿಲು ಹತ್ತುವವರು ಎರಡು ಸಲ ಸೀನಿಯೇ ಹತ್ತುವುದು. ಸುತ್ತ ರಾಜರ ಕಿರೀಟ, ಪೊಲೀಸರ ಟೋಪಿ, ಮದುಮಗಳ ಸೀರೆ. ಇವುಗಳ ನಡುವೆ ಕೂತು ನನ್ನ ಬಾಲ್ಯವನ್ನು ಕೇಳಿದರೆ ಅದೂ ಬಾಡಿಗೆಗೆ ತಂದದ್ದೇ ಅನ್ನಿಸಿತು.

ನಾನು ಯಾರೆಂದು ತುಳು ನಾಟಕ ನೋಡುವ ಮಂಗಳೂರಿಗರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಜೀವ ಕಲಾವಿದೆರ್ ಎಂಬ ನಾಟಕ ತಂಡ ನನ್ನದು. ನಾಟಕ ಬರೆಸುವವಳು, ನಟರನ್ನು ಹುಡುಕುವವಳು, ಊರೂರ ಸಂಘದವರ ಜೊತೆ ತಾರೀಕಿಗೆ ಜಗಳವಾಡುವವಳು, ಪರದೆ ಸರಿಯುವ ಮುಂಚೆ ಸಂದಿಯಲ್ಲಿ ಕಣ್ಣಿಟ್ಟು ಕುರ್ಚಿ ತುಂಬಿತೇ ಎಂದು ನೋಡುವವಳು ಎಲ್ಲ ನಾನೇ. ಬಾಯಿ ಜೋರು ಎನ್ನುತ್ತಾರೆ. ಹೌದು, ಜೋರು. ಮೆತ್ತಗೆ ಮಾತಾಡುವ ಹೆಂಗಸು ಮೂವತ್ತು ಗಂಡಸರನ್ನು ಬಸ್ಸು ಹತ್ತಿಸಿ ಸುಳ್ಯದಿಂದ ಮುಂಬೈಯವರೆಗೆ ಕುಣಿಸಲಿಕ್ಕೆ ಆಗುತ್ತದೆಯೇ?

ಈ ವರ್ಷ ತಂಡಕ್ಕೆ ನಲ್ವತ್ತು ತುಂಬಿತು. ಆಗಸ್ಟಿನಲ್ಲಿ ಪುರಭವನದಲ್ಲಿ ನನಗೆ ಸನ್ಮಾನ, ಒಂದು ಅಭಿನಂದನ ಗ್ರಂಥ. ಸಮಿತಿಯ ಅಧ್ಯಕ್ಷ ನನ್ನ ತಂಗಿಯ ಮಗ ಶೋಭಿತ್, ಕೊಟ್ಟಾರದ ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟವನು. ಪುಸ್ತಕದ ಮೊದಲ ಅಧ್ಯಾಯ ಅವನೇ ಬರೆಸಿದ್ದ. ಬರುವ ಸೋಮವಾರ ಅದು ಪ್ರೆಸ್ಸಿಗೆ ಹೋಗಬೇಕು. ವೇದಿಕೆಯಲ್ಲಿ ನನ್ನ ಪಕ್ಕದಲ್ಲಿ ಎಂಬತ್ತೆಂಟು ವರ್ಷದ ಸಂಕಪ್ಪನವರನ್ನು ಕೂರಿಸಿ ಅವರಿಗೂ ಶಾಲು ಹೊದಿಸುವುದೆಂದು ಆಮಂತ್ರಣದಲ್ಲಿ ಆಗಲೇ ಅಚ್ಚಾಗಿತ್ತು.

"ಸೈನ್ ಮಾಡಿ ಕಳಿಸ್ಬೇಕಂತೆ," ಸುಹರಾ ಹಾಳೆಯನ್ನು ಮಡಚಿದಳು. "ಎಂತ ಮಾಡ್ತಿ?"

"ನನ್ನ ಬೊಜ್ಜ ಬರೆಯದೆ ನಾನು ಸೈನ್ ಮಾಡುವುದಿಲ್ಲ."

ಬೊಜ್ಜ ಎಂದರೆ ನಮ್ಮ ತುಳುವರಲ್ಲಿ ಸತ್ತವರ ಉತ್ತರಕ್ರಿಯೆ. ನನ್ನದು ಆಗಿ ನಲ್ವತ್ತೇಳು ವರ್ಷವಾಯಿತು.

*

ಆಗ ನನಗೆ ಹದಿನೇಳು. ಹಂಪನಕಟ್ಟೆಯ ಒಂದು ಮಾಳಿಗೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಪಕ್ಕದ ಮೆಶೀನಿನಲ್ಲಿ ಸುಹರಾ. ಹಲಗೆ ಗೋಡೆಯಾಚೆ ಗುಣಪಾಲ ಎಂಬವರ ನಾಟಕ ತಂಡದ ರಿಹರ್ಸಲ್. ಈಚೆ ಬೆರಳು ಇಂಗ್ಲಿಷ್ ಅಕ್ಷರ ಕುಟ್ಟುತ್ತಿದ್ದರೆ ಕಿವಿ ಆಚೆಯ ಮಾತುಗಳನ್ನೆಲ್ಲ ನುಂಗುತ್ತಿತ್ತು. ನಾಯಕಿಯ ಪಾತ್ರ ಮಾಡುತ್ತಿದ್ದ ಗಂಡಸಿಗೆ ಕಾಮಾಲೆಯಾಯಿತು. ನಾಟಕಕ್ಕೆ ಮೂರು ವಾರ ಇತ್ತು. ಗುಣಪಾಲರು ತಲೆ ಮೇಲೆ ಕೈ ಹೊತ್ತು ಕೂತದ್ದು ಬಾಗಿಲಿನಿಂದ ಕಂಡಿತು. ನಾನು ಒಳಗೆ ಹೋಗಿ ನಾಯಕಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ನಿಂತಲ್ಲೇ ಹೇಳಿದೆ. ಅವರು ಎದ್ದು ವೀಳ್ಯದೆಲೆ, ಅಡಿಕೆ, ಒಂದು ನಾಣ್ಯ ನನ್ನ ಕೈಗಿಟ್ಟರು. ನಾಟಕದವರಲ್ಲಿ ವೀಳ್ಯ ಹಿಡಿದರೆ ಮಾತು ಕೊಟ್ಟ ಹಾಗೆ. ಜ್ವರ ಬಂದರೂ ರಂಗ ಹತ್ತಬೇಕು.

ಆ ವೀಳ್ಯವನ್ನು ಮನೆಗೆ ತಂದೆ. ಅಡಗಿಸಿಟ್ಟಿದ್ದರೆ ಕಥೆ ಬೇರೆಯೇ ಆಗುತ್ತಿತ್ತೋ ಏನೋ. ಅಡಗಿಸುವುದು ನನಗೆ ಬರುವುದಿಲ್ಲ.

ನಮ್ಮಲ್ಲಿ ಮನೆ ತಾಯಿಯ ಕಡೆಯದು, ಯಜಮಾನಿಕೆ ಮಾತ್ರ ತಾಯಿಯ ಅಣ್ಣನದು. ಅವರನ್ನು ನಾವು ತಮ್ಮಲೆ ಎನ್ನುತ್ತೇವೆ. ಗುತ್ತಿನ ಮನೆಯ ತಮ್ಮಲೆ ಎಂದರೆ ಊರಿಗೇ ಯಜಮಾನ. ಸಂಕಪ್ಪ ತಮ್ಮಲೆ ಜಗಲಿಯ ಕುರ್ಚಿಯಲ್ಲಿ ಕೂತು ನನ್ನ ಕೈಯಲ್ಲಿದ್ದ ಎಲೆ ಅಡಿಕೆ ನೋಡಿದರು.

"ಹಿಂದೆ ಕೊಟ್ಟು ಬಾ."

"ಕೊಡುವುದಿಲ್ಲ."

"ಈ ಮನೆಯ ಹೆಣ್ಣು ಬಣ್ಣ ಹಚ್ಚಿ ಕುಣಿದರೆ ಅವಳು ಸತ್ತ ಹಾಗೆ."

"ಸತ್ತೇ ಹೋದೆ ಅಂತ ತಿಳ್ಕೊಳ್ಳಿ," ಎಂದು ಉಟ್ಟ ಬಟ್ಟೆಯಲ್ಲೇ ಗೇಟು ದಾಟಿದೆ.

ಮೊಯ್ದೀನಬ್ಬರ ಮನೆಯಲ್ಲಿ ಸುಹರಾಳ ಚಾಪೆಯ ಪಕ್ಕ ನನಗೊಂದು ಚಾಪೆ ಹಾಸಿದರು. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ. ಇಂಥವನಿಗೆ ಎಳ್ಳುನೀರು ಬಿಟ್ಟೆ ಎಂದು ಜನ ಬಾಯಿಮಾತಿಗೆ ಹೇಳುವುದುಂಟು. ನನ್ನ ತಮ್ಮಲೆ ನಿಜವಾಗಿಯೂ ಬಿಟ್ಟರು. ಹೆಣವಿಲ್ಲ, ಬೂದಿಯಿಲ್ಲ, ಆದರೂ ದಿನ ಎಣಿಸಿ, ಊರಿಗೆಲ್ಲ ಹೇಳಿಕೆ ಕಳಿಸಿ ಹದಿಮೂರನೇ ದಿನ ಬೊಜ್ಜ ಇಟ್ಟರು. ನನ್ನ ತಂಗಿಗೆ ಬರುವ ಮದುವೆ ಸಂಬಂಧ ಕೆಡಬಾರದು, ಗುತ್ತಿನ ಮರ್ಯಾದೆ ಉಳಿಯಬೇಕು. ಬದುಕಿದವಳನ್ನು ಸತ್ತವರ ಸಾಲಿಗೆ ಸೇರಿಸಿದರೆ ಎರಡೂ ಉಳಿಯುತ್ತದೆಂದು ಅವರ ಲೆಕ್ಕ. ಪುಣ್ಯಕ್ಕೆ ಸತ್ತ ಯಾವುದಾದರೂ ಗಂಡನ್ನು ಹುಡುಕಿ ನನಗೆ ಕುಲೆ ಮದುವೆ, ಅಂದರೆ ಪ್ರೇತಗಳ ಮದುವೆ, ಮಾಡಿಸಲಿಲ್ಲ.

ವಿಷಯ ನನಗೆ ಗೊತ್ತಾದದ್ದು ಹಿಂದಿನ ದಿನ. ಸಿಟ್ಟು ಎಷ್ಟು ಬಂತೆಂದರೆ ಅಳಲಿಕ್ಕೆ ಜಾಗವೇ ಉಳಿಯಲಿಲ್ಲ. ಹ್ಯೂಬರ್ಟ್ ಎಂಬವರ ಪ್ರೆಸ್ಸಿನಲ್ಲಿ ನಮ್ಮ ನಾಟಕದ ಟಿಕೆಟು ಆಗಷ್ಟೇ ಅಚ್ಚಾಗಿತ್ತು, ಗುಲಾಬಿ ಬಣ್ಣದ್ದು. ಒಂದು ಕಟ್ಟು ತೆಗೆದುಕೊಂಡೆ. ಸುಹರಾ ಗೇಟಿನವರೆಗೆ ಬಂದು ಹೊರಗೇ ನಿಂತಳು. ನಾನು ಒಳಗೆ ಹೋಗಿ, ಚಪ್ಪರದ ಕೊನೆಯ ಪಂಕ್ತಿಯಲ್ಲಿ ಒಂದು ಬಾಳೆ ಎಲೆಯ ಮುಂದೆ ಕೂತೆ.

ನನ್ನ ಎರಡೂ ಪಕ್ಕದವರು ಎದ್ದು ಹೋದರು. ಒಬ್ಬಳು ಮುದುಕಿ ನನ್ನ ಕಾಲು ಇದೆಯೇ ಎಂದು ಬಗ್ಗಿ ನೋಡಿದಳು. ಅಮ್ಮ ಅನ್ನದ ಪಾತ್ರೆ ಹಿಡಿದು ಬಡಿಸುತ್ತ ಬರುತ್ತಿದ್ದಳು. ನನ್ನ ಎಲೆಯ ಮುಂದೆ ಬಂದು ನಿಂತಳು. ಸೌಟು ಎತ್ತಿದಳು.

ಜಗಲಿಯಿಂದ ತಮ್ಮಲೆ ಕೂಗಿದರು: "ಆ ಎಲೆಗೆ ಬಡಿಸಬೇಡ!"

ಸೌಟು ಪಾತ್ರೆಗೆ ಇಳಿಯಿತು. ಅಮ್ಮ ನನ್ನ ಮುಖ ನೋಡಲಿಲ್ಲ. ಮುಂದಿನ ಎಲೆಗೆ ಹೋದಳು.

ಅಣ್ಣನ ಮಾತಿಗೆ ಹೆದರಿ ಹೆತ್ತ ಮಗಳ ಎಲೆ ದಾಟಿ ಹೋದವಳು. ಆ ನಂತರ ಎಷ್ಟು ಸಂದರ್ಶನ ಕೊಟ್ಟೆನೋ, ಎಲ್ಲದರಲ್ಲೂ ಹೇಳಿದ್ದೇನೆ: ನನ್ನ ತಾಯಿ ಕೂಡ ಬಡಿಸಲಿಲ್ಲ. ಅಮ್ಮ ತೀರಿಕೊಂಡಾಗ ಹೋಗಿ ಅಂಗಳದಲ್ಲಿ ನಿಂತು ನೋಡಿ ಬಂದೆ. ಆವತ್ತು ಅತ್ತದ್ದು ಸಾಕಷ್ಟಾಯಿತು, ಕ್ಷಮಿಸಿದ್ದು ಮಾತ್ರ ಇಲ್ಲ.

ಖಾಲಿ ಎಲೆ ಬಿಟ್ಟು ಎದ್ದೆ. ಊಟ ಸಿಗದಿದ್ದರೆ ಬೇಡ, ಜನ ಸಿಕ್ಕಿದ್ದರು. ಇಷ್ಟು ಜನರನ್ನು ಒಂದೇ ಕಡೆ ಸೇರಿಸಲು ಗುಣಪಾಲರು ಒಂದು ತಿಂಗಳು ಮೈಕು ಕಟ್ಟಿ ತಿರುಗಬೇಕಿತ್ತು. ಚಪ್ಪರದ ನಡುವೆ ನಿಂತು ಹೇಳಿದೆ: "ನಾನು ಈ ಮನೆಯ ಜಲಜಾಕ್ಷಿ. ಇವತ್ತು ನನ್ನ ಬೊಜ್ಜ. ಪಾಯಸ ಉಂಟು, ಎಲ್ಲರೂ ಹೊಟ್ಟೆ ತುಂಬ ಉಣ್ಣಿ. ಬರುವ ಭಾನುವಾರ ಪುರಭವನದಲ್ಲಿ ನನ್ನ ನಾಟಕ. ಸತ್ತವಳು ಹೇಗೆ ಮಾತಾಡ್ತಾಳೆ ಅಂತ ನೋಡ್ಲಿಕ್ಕೆ ಬನ್ನಿ. ಟಿಕೆಟು ಗೇಟಿನ ಹತ್ತಿರ ಸಿಗ್ತದೆ."

ತಮ್ಮಲೆಯ ಆಳುಗಳು ನನ್ನನ್ನು ಹಿಡಿಯಲು ಬಂದು, ಮುಟ್ಟಲು ಹೆದರಿ ನಿಂತರು. ಗೇಟಿನಲ್ಲಿ ಸುಹರಾ ಟಿಕೆಟು ಹರಿದು ಹರಿದು ಕೊಟ್ಟಳು. ಭಾನುವಾರ ಪುರಭವನದಲ್ಲಿ ನಿಲ್ಲಲು ಜಾಗವಿರಲಿಲ್ಲ. ನಟಿಸಲು ನನಗೆ ಅಷ್ಟೇನೂ ಬರುವುದಿಲ್ಲವೆಂದು ಆ ದಿನವೇ ಗೊತ್ತಾಯಿತು. ಜನ ಸೇರಿಸಲು ಬರುತ್ತದೆಂದೂ ಗೊತ್ತಾಯಿತು. ಮುಂದೆ ಸ್ವಂತ ತಂಡ ಕಟ್ಟಿದಾಗ ಜೀವ ಎಂದು ಹೆಸರಿಟ್ಟದ್ದು ತಮ್ಮಲೆಗೆ ಕೇಳಲಿ ಎಂದೇ.

ನನ್ನ ಕುಟುಂಬದ ಹಿನ್ನೆಲೆಯೂ ಬಾಲ್ಯವೂ ಇಷ್ಟೇ. ಒಂದು ಪುಟಕ್ಕೆ ಸಾಕು.

*

ಮರುದಿನ ಶೋಭಿತನ ಹೋಟೆಲಿಗೆ ಹೋದೆ. ಹೆದ್ದಾರಿ ಅಗಲ ಮಾಡುವಾಗ ಮನೆಯೆದುರಿನ ನಮ್ಮ ದೊಡ್ಡ ಬಾಕಿಮಾರು ಗದ್ದೆ ಅರ್ಧ ಹೋಯಿತು. ಉಳಿದರ್ಧದಲ್ಲಿ ಹೋಟೆಲು, ಅದರ ಹಿಂದೆ ಮನೆ. ನನ್ನ ತಂಗಿ ಬದುಕಿರುವಾಗ ಮಗನನ್ನು ಕರೆದುಕೊಂಡು ಕದ್ದುಮುಚ್ಚಿ ನನ್ನ ನಾಟಕಕ್ಕೆ ಬರುತ್ತಿದ್ದಳು. ಅವಳು ಹೆದರುಪುಕ್ಕಲಿ, ತಮ್ಮಲೆ ಕೆಮ್ಮಿದರೆ ಅವಳಿಗೆ ಜ್ವರ ಬರುತ್ತಿತ್ತು. ನನಗೊಂದು ದೊಡ್ಡ ಪ್ರಶಸ್ತಿ ಬಂದ ಮೇಲೆ ಶೋಭಿತ್ ಬಹಿರಂಗವಾಗಿ ಬರತೊಡಗಿದ. ಒಳ್ಳೆಯವನೇ. ಎಲ್ಲರಿಗೂ ಒಳ್ಳೆಯದಾಗಬೇಕು ಎನ್ನುವವನು. ಅಂಥವರ ಜೊತೆ ಜಗಳ ಮಾಡುವುದೇ ಕಷ್ಟ.

"ಕೂತ್ಕೊಳ್ಳಿ ದೊಡ್ಡಮ್ಮ. ಚಾ ಹೇಳ್ತೇನೆ."

"ಚಾ ಬೇಡ. ಈ ಹಾಳೆ ಹರಿದು ಹಾಕು. ನನ್ನ ಬೊಜ್ಜ ಮಾಡಿದ್ದನ್ನು ಬರೆಸು."

ಅವನು ನಿಟ್ಟುಸಿರು ಬಿಟ್ಟ. "ನಾನು ಸಂಕಪ್ಪ ಅಜ್ಜನ ಹತ್ರ ಕೇಳಿದೆ. ಹಾಗೆ ಎಂತದೂ ಆಗ್ಲಿಲ್ಲ ಅಂತ ಹೇಳಿದ್ರು. ಅವಳು ನಾಟಕದವಳು, ಪ್ರಚಾರಕ್ಕೆ ಹುಟ್ಟಿಸಿದ ಕಥೆ ಅಂದ್ರು."

"ನಾನು ಸುಳ್ಳಿಯೋ?"

"ಹಾಗಲ್ಲ ದೊಡ್ಡಮ್ಮ. ಆಗ ಸಣ್ಣ ಪ್ರಾಯ. ಎಂತದೋ ಜಗಳ ಆಗಿರ್ಬಹುದು. ಬದುಕಿದವರ ಬೊಜ್ಜ ಯಾರಾದ್ರೂ ಮಾಡ್ತಾರಾ? ಸಾಕ್ಷಿ ಎಂತ ಉಂಟು?"

"ಸುಹರಾ ಗೇಟಿನಲ್ಲಿದ್ದಳು."

"ಅವ್ರು ಒಳಗೆ ಬರ್ಲಿಲ್ಲ. ನೀವು ಹೇಳಿದ್ದನ್ನೇ ಹೇಳ್ತಾರೆ." ಅವನು ಮೇಜಿನ ಮೇಲೆ ಬಗ್ಗಿದ. "ಅಜ್ಜನಿಗೆ ಎಂಬತ್ತೆಂಟು. ಇನ್ನು ಎಷ್ಟು ದಿನ? ಒಂದು ಶಾಲು ಹೊದಿಸಿದ್ರೆ ನಿಮ್ಮದೆಂತ ಹೋಗ್ತದೆ?"

ನನ್ನದೆಂತ ಹೋಗುತ್ತದೆ! ಒಂದು ಸಲ ನನ್ನನ್ನು ಸಾಯಿಸಿದರು. ಈಗ ಸಾಯಿಸಿಯೇ ಇಲ್ಲ ಎನ್ನುತ್ತಾರೆ. ಮೊದಲನೆಯದನ್ನು ಹೇಗೋ ದಾಟಿದೆ. ಎರಡನೆಯದಕ್ಕೆ ನನ್ನದೇ ಸಹಿ ಬೇಕಂತೆ. ನಾಳೆ ನಾಟಕ ಕಲಿಯುವ ಹುಡುಗಿಯೊಬ್ಬಳು ಆ ಪುಸ್ತಕ ತೆರೆದು, ಅಯ್ಯೋ ಇವಳಿಗೆ ಮನೆಯವರದ್ದೇ ಬೆಂಬಲವಿತ್ತು ಎಂದು ಓದಿಕೊಳ್ಳುತ್ತಾಳೆ. ನನ್ನ ಸಿಟ್ಟಿಗೆ ಅಷ್ಟು ಕಾರಣ ಸಾಕು.

"ಬರೆಯದಿದ್ದರೆ ನಾನು ವೇದಿಕೆ ಹತ್ತುವುದಿಲ್ಲ. ನಿನ್ನ ಅಜ್ಜನೊಬ್ಬರಿಗೇ ಎರಡು ಶಾಲು ಹೊದಿಸು," ಎಂದು ಎದ್ದೆ.

ಶೋಭಿತನ ಹೆಂಡತಿ ಚೈತಾಲಿ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾಳೆ. ಮೂಡಬಿದಿರೆಯವಳು, ಮದುವೆಯಾಗಿ ಎಂಟು ವರ್ಷ. ಕೊಡೆ ಬಿಡಿಸಿಕೊಂಡು ನನ್ನ ಹಿಂದೆಯೇ ರಸ್ತೆಯವರೆಗೆ ಬಂದಳು.

"ಸಿಟ್ಟಿನಲ್ಲಿ ಹೋಗ್ಬೇಡಿ ದೊಡ್ಡಮ್ಮ. ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ. ಆಟಿ ಅಲ್ವಾ, ಹಿರಿಯರಿಗೆ ಬಡಿಸ್ಲಿಕ್ಕುಂಟು."

ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಬಡಿಸುವುದು ನಮ್ಮ ಕ್ರಮ. ಚಾವಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಳ್ಳುವುದು. ಸ್ವಲ್ಪ ಹೊತ್ತಿನ ನಂತರ ಯಜಮಾನ ಬಾಗಿಲು ಬಡಿದು ತೆರೆಯುವುದು. ಅಷ್ಟರಲ್ಲಿ ಅವರು ಬಂದು ಉಂಡು ಹೋಗಿರುತ್ತಾರೆ ಎಂದು ನಂಬಿಕೆ. ಆ ಮೇಲೆ ಬದುಕಿದವರ ಊಟ.

"ಆ ಮನೆಯಲ್ಲಿ ನನಗೆ ಊಟ ಬೇಡ," ಅಂದೆ.

"ನನ್ನ ಅಡಿಗೆಗೆ ಹೆದರಿ ಹೇಳ್ತೀರಿ," ಎಂದು ಅವಳು ನಗಾಡಿದಳು. "ಬಡಿಸುವ ಮುಂಚೆ ರುಚಿ ನೋಡ್ಲಿಕ್ಕಿಲ್ಲ, ಉಪ್ಪು ಒಂದು ವರ್ಷವೂ ಸರಿಯಾಗುದಿಲ್ಲ ನನಗೆ. ಮತ್ತೆ ಆ ಒಂಬತ್ತು ಎಲೆಯ ಲೆಕ್ಕಾಚಾರ ಬೇರೆ."

"ಒಂಬತ್ತು ಯಾರು ಯಾರು?" ಸುಮ್ಮನೆ ಕೇಳಿದೆ. ಆಟೋ ಬರುತ್ತಿರಲಿಲ್ಲ.

ಅವಳು ಕೊಡೆ ಹಿಡಿಯದ ಕೈಯಲ್ಲಿ ಬೆರಳು ಮಡಚಿದಳು. ದೊಡ್ಡ ಯಜಮಾನರು, ಅವರ ತಮ್ಮಂದಿರು ಇಬ್ಬರು, ಮುತ್ತಜ್ಜಿ, ಅವರ ತಂಗಿ, ಬಾವಿಗೆ ಬಿದ್ದ ಮಗು, ಅಜ್ಜಿ, ಅತ್ತೆ. ಎಂಟಾಯಿತು. ಅಜ್ಜಿ ಎಂದರೆ ನನ್ನ ಅಮ್ಮ. ಅತ್ತೆ ಎಂದರೆ ನನ್ನ ತಂಗಿ.

"ಒಂಬತ್ತನೆಯದು?"

"ಅದೇ ಗೊತ್ತಿಲ್ಲ ದೊಡ್ಡಮ್ಮ. ಅತ್ತೆ ಹೇಳಿಕೊಟ್ಟ ಹಾಗೆ ಮಾಡ್ತೇನೆ. ಆ ಎಲೆ ಹಾಕ್ಬೇಕು, ಬಡಿಸ್ಬಾರ್ದು. ಖಾಲಿ ಬಿಡ್ಬೇಕು. ಅಜ್ಜಿಯ ಕಟ್ಟಪ್ಪಣೆಯಂತೆ. ಆ ಎಲೆಯವರು ತಾವೇ ಬಂದು ಕೂತ ಮೇಲೆ ಬಿಸಿ ಬಿಸಿ ಬಡಿಸ್ಬೇಕು, ಅಲ್ಲಿವರೆಗೆ ಒಂದು ಅಗುಳು ಹಾಕಿದ್ರೂ ನನ್ನ ಮೇಲಾಣೆ ಅಂತ ಹೇಳಿದ್ರಂತೆ. ಯಾವುದೋ ಜೋರು ಕುಲೆ ಇರ್ಬೇಕು ಅಂತ ನಾನು ಆ ಕಡೆ ನೋಡುದೇ ಇಲ್ಲ."

ಹೆದ್ದಾರಿಯಲ್ಲಿ ಲಾರಿ ಹೋದದ್ದು, ಚೈತಾಲಿ ಮತ್ತೇನೋ ಹೇಳಿದ್ದು ಯಾವುದೂ ನನಗೆ ಕೇಳಲಿಲ್ಲ. ಕೊಡೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಎಲೆ ನನ್ನದು. ಸತ್ತವರ ಸಾಲಿನಲ್ಲಿ ಎಲೆ ಹಾಕು ಎಂದು ಅಣ್ಣ ಹೇಳಿದಾಗ ಅಮ್ಮ ಹಾಕಿದ್ದಳು. ಸತ್ತವಳೆಂದು ಬಡಿಸು ಎಂದಾಗ ಬಡಿಸಲಿಲ್ಲ. ಬದುಕಿದ ಮಗಳಿಗೆ ಬಡಿಸಲು ಬಿಡದವನ ಕಣ್ಣೆದುರೇ, ಸತ್ತ ಮಗಳಿಗೂ ಬಡಿಸುವುದಿಲ್ಲ ಎಂದು ವರ್ಷ ವರ್ಷ ಎಲೆಯನ್ನು ಖಾಲಿ ಇಟ್ಟಳು. ತಾನು ಸತ್ತ ಮೇಲೂ ನಡೆಯಲಿ ಎಂದು ಆಣೆ ಹಾಕಿ ಹೋದಳು. ನಾನು ಲೋಕಕ್ಕೆಲ್ಲ ಬಾಯಿ ಮಾಡಿದೆ. ಅವಳು ಬಾಯಿ ಬಿಡದೆ ನನಗಿಂತ ದೊಡ್ಡ ಹಟ ಸಾಧಿಸಿದಳು. ನನ್ನ ಹಟ ಯಾರ ಕಡೆಯಿಂದ ಬಂತೆಂದು ಅರುವತ್ತನಾಲ್ಕನೇ ವಯಸ್ಸಿನಲ್ಲಿ, ಕೊಟ್ಟಾರದ ಹೆದ್ದಾರಿ ಬದಿಯಲ್ಲಿ ನನಗೆ ಗೊತ್ತಾಯಿತು.

"ದೊಡ್ಡಮ್ಮ, ಎಂತಾಯ್ತು?"

"ಎಂತದೂ ಇಲ್ಲ. ಭಾನುವಾರ ಬರ್ತೇನೆ. ಅಡಿಗೆ ಬಿಸಿ ಇಡು."

*

ಭಾನುವಾರ ಸುಹರಾ ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತೆಗೆದುಕೊಟ್ಟಳು. "ಬಾಡಿಗೆ ಬೇಡ," ಅಂದಳು. ಆಟೋದಲ್ಲಿ ನನ್ನ ಜೊತೆ ಬಂದು, ಹಿಂದಿನ ಹಾಗೆಯೇ ಗೇಟಿನಲ್ಲಿ ನಿಲ್ಲಲು ಹೊರಟಳು. ಈ ಸಲ ನಾನು ಅವಳ ಕೈ ಹಿಡಿದು ಒಳಗೆ ಎಳೆದುಕೊಂಡೆ. ಸಾಕ್ಷಿ ಬೇಕಂತಲ್ಲ, ಇರಲಿ.

ಜಗಲಿಯಲ್ಲಿ ಸಂಬಂಧಿಕರು ಹತ್ತು ಹನ್ನೆರಡು ಜನ. ಅದೇ ಕುರ್ಚಿಯಲ್ಲಿ ತಮ್ಮಲೆ, ಊರುಗೋಲಿನ ಮೇಲೆ ಎರಡೂ ಕೈ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ನನ್ನನ್ನು ನೋಡಿ ಮುಖ ತಿರುಗಿಸಿದರು. ಶೋಭಿತ್ ಮಾತ್ರ ಖುಷಿಯಲ್ಲಿ ಓಡಿ ಬಂದ. ನಾನು ರಾಜಿಗೆ ಬಂದೆನೆಂದು ಅವನೆಣಿಸಿದ. "ಹಾಳೆ ತಂದಿದ್ದೀರಾ ದೊಡ್ಡಮ್ಮ?" ಎಂದ. ಚೀಲದಲ್ಲಿದೆ, ಊಟವಾಗಲಿ ಎಂದೆ.

ಚೈತಾಲಿ ಎಂಟು ಎಲೆಗೆ ಬಡಿಸಿ ಮುಗಿಸುತ್ತಿದ್ದಳು. ಕುಚ್ಚಿಲಕ್ಕಿ ಅನ್ನ, ನೀರುದೋಸೆ, ಕೋಳಿ ಸಾರು, ಪತ್ರೊಡೆ. ಕೊನೆಯಲ್ಲಿ ಒಂದು ಎಲೆ ಹಸಿರಾಗಿ ಖಾಲಿ ಇತ್ತು. ಎಲ್ಲರೂ ಕೈ ಮುಗಿದು ಹೊರಗೆ ಹೋದರು. ನಾನು ಹೋಗಲಿಲ್ಲ.

"ದೊಡ್ಡಮ್ಮ, ಹೊರಗೆ ಬನ್ನಿ. ಬಾಗಿಲು ಹಾಕ್ಬೇಕು," ಅಂದಳು ಚೈತಾಲಿ.

"ಹಾಕು. ಅನ್ನದ ಪಾತ್ರೆ ಮಾತ್ರ ಒಲೆಯಿಂದ ಇಳಿಸಬೇಡ."

"ಇಲ್ಲಿ ಬದುಕಿದವರು ಕೂರ್ಲಿಕ್ಕಿಲ್ಲ ದೊಡ್ಡಮ್ಮ."

"ನನಗೆ ಕೂರ್ಲಿಕ್ಕುಂಟು. ಒಂಬತ್ತನೇ ಎಲೆ ಯಾರದ್ದು ಅಂತ ನಿನಗೆ ಈಗ ಗೊತ್ತಾಗ್ತದೆ."

ಚೈತಾಲಿ ನನ್ನನ್ನು ನೋಡಿದಳು, ಎಲೆಯನ್ನು ನೋಡಿದಳು. ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಿಂದೆ ಹಿಂದೆ ಸರಿದು ಬಾಗಿಲೆಳೆದುಕೊಂಡಳು.

ದೀಪವೊಂದೇ ಬೆಳಕು. ನೆಲಕ್ಕೆ ಕೂರಲು ನನ್ನ ಮಂಡಿ ಒಪ್ಪಲಿಲ್ಲ. ಗೋಡೆ ಹಿಡಿದು ಹೇಗೋ ಕೂತೆ. ಪಕ್ಕದ ಎಲೆ ಅಮ್ಮನದು. ಖಾಲಿ ಎಲೆಯ ಮಗ್ಗುಲಲ್ಲೇ ತನ್ನ ಎಲೆ ಹಾಕಬೇಕೆಂದು ಅದನ್ನೂ ಹೇಳಿ ಹೋಗಿದ್ದಿರಬೇಕು. ಅವಳ ನೀರುದೋಸೆಯಿಂದ ಇನ್ನೂ ಹಬೆ ಏಳುತ್ತಿತ್ತು.

"ಅಮ್ಮ," ಅಂದೆ, "ನಿನ್ನ ಬಗ್ಗೆ ಊರಿಡೀ ಸುಳ್ಳು ಹೇಳಿದ್ದೇನೆ. ನನಗೆ ಗೊತ್ತಿರಲಿಲ್ಲ."

ಇಷ್ಟು ವರ್ಷ ಇಲ್ಲೊಂದು ಎಲೆ ನನಗಾಗಿ ಕಾಯುತ್ತಿತ್ತು, ಅರ್ಧ ಗಂಟೆಯ ದಾರಿಯಲ್ಲಿ. ಅಹಂಕಾರ ಬಿಟ್ಟು ಒಂದು ಆಟಿಗೆ ಬಂದಿದ್ದರೆ ಅವಳ ಕೈಯಿಂದಲೇ ಉಣ್ಣುತ್ತಿದ್ದೆ. ಹಾಗೆ ಬರಲಿಲ್ಲ. ಆ ನಷ್ಟ ಯಾವ ಪುಸ್ತಕದಲ್ಲಿ ಬರೆಸಿದರೂ ತುಂಬುವುದಿಲ್ಲ. ಸೆರಗಿನಲ್ಲಿ ಮುಖ ಒರೆಸಿ ನೆಟ್ಟಗೆ ಕೂತೆ.

ಬಾಗಿಲಿಗೆ ಮೂರು ಸಲ ಬಡಿದರು. ತಮ್ಮಲೆಯ ಊರುಗೋಲಿನ ಸದ್ದು. ಬಾಗಿಲು ತೆರೆಯಿತು.

ಯಾರೋ ಹೆಂಗಸು ಚೀರಿದಳು. ಮುಂದೆ ತಮ್ಮಲೆ, ಅವರ ಹಿಂದೆ ಶೋಭಿತ್, ಅವನ ಹಿಂದೆ ಹತ್ತು ಮುಖಗಳು, ಎಲ್ಲದರ ಮೇಲಿಂದ ಇಣುಕುವ ಸುಹರಾ. ನಾಟಕದವಳಿಗೆ ಇದಕ್ಕಿಂತ ಒಳ್ಳೆಯ ಪ್ರೇಕ್ಷಕರು ಸಿಗುವುದಿಲ್ಲ. ಆದರೆ ನನ್ನ ದನಿ ನಾಟಕದ್ದಾಗಿರಲಿಲ್ಲ.

"ಬಂದು ಕೂತಿದ್ದೇನೆ," ಅಂದೆ. "ಚೈತಾಲಿ, ಬಡಿಸು."

ಚೈತಾಲಿ ಅಡಿಗೆಮನೆಯಿಂದ ಪಾತ್ರೆ ಹಿಡಿದೇ ನಿಂತಿದ್ದಳು. ಜನರನ್ನು ಸರಿಸಿ ಒಳಗೆ ಬಂದಳು. ನನ್ನ ಮುಂದೆ ಬಗ್ಗಿ ಸೌಟು ಎತ್ತಿದಳು.

ತಮ್ಮಲೆಯ ಊರುಗೋಲು ನೆಲಕ್ಕೆ ಬಡಿಯಿತು. "ಆ ಎಲೆಗೆ ಬಡಿಸಬೇಡ!"

ಅದೇ ಮಾತು. ದನಿ ಹಳತಾಗಿತ್ತು, ಅಷ್ಟೇ. ಯೋಚಿಸಿ ಆಡಿದ ಮಾತಲ್ಲ ಅದು. ಎಂಬತ್ತೆಂಟರ ನಾಲಗೆಯಿಂದ ನಲ್ವತ್ತೊಂದರವನು ಕೂಗಿದ್ದು.

ಶೋಭಿತ್ ನಿಧಾನವಾಗಿ ಅವರ ಕಡೆ ತಿರುಗಿದ.

"ಯಾವ ಎಲೆಗೆ ಅಜ್ಜ?" ಎಂದು ಕೇಳಿದ. "ಇದು ಯಾರ ಎಲೆ?"

ತಮ್ಮಲೆ ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಶೋಭಿತ್ ಸಾಲಿನ ಎಲೆಗಳನ್ನು ಒಂದೊಂದಾಗಿ ನೋಡುತ್ತ ಬಂದು ನನ್ನ ಎಲೆಯಲ್ಲಿ ನಿಂತ. ಪ್ರತಿ ವರ್ಷ ಅವನೂ ಅದನ್ನು ಸತ್ತವರ ಎಲೆಯೆಂದು ಕೈ ಮುಗಿದವನೇ.

ನಾನು ಚೀಲದಿಂದ ಹಾಳೆ ತೆಗೆದು ಅವನ ಕೈಗೆ ಕೊಟ್ಟೆ. "ನನ್ನ ಬೊಜ್ಜ ಬರೆ. ಕೂಗಿದವರ ಹೆಸರು ಬರೆ. ನನ್ನ ಅಮ್ಮ ಬಡಿಸದೆ ನನ್ನನ್ನು ಕೈಬಿಟ್ಟಳು ಅಂತ ನಾನು ಹೇಳಿದ್ದೆಲ್ಲ ತಪ್ಪು ಅಂತಲೂ ಬರೆ. ಅವಳ ಹೆಸರಿಗೆ ಒಂದು ಪೂರ್ತಿ ಪುಟ ಬೇಕು. ಪ್ರೇರಣಾ ಶಕ್ತಿ ಅಂತ ನೀನೇ ಒಂದು ಮಾತು ಬರೆಸಿದ್ದಿಯಲ್ಲ, ಅದನ್ನು ಅಲ್ಲಿ ಹಾಕು."

ಶೋಭಿತ್ ಹಾಳೆ ಮಡಚಿ ಕಿಸೆಗೆ ಹಾಕಿದ. ಮೊಬೈಲು ತೆಗೆದು, ಎಲ್ಲರಿಗೆ ಕೇಳುವ ಹಾಗೆ ಹೇಳಿದ: "ಹಲೋ, ಪ್ರೆಸ್ಸಾ? ನಾಳೆ ಕಳಿಸ್ತೇನೆ ಅಂದ ಮೊದಲ ಅಧ್ಯಾಯ ಬೇಡ. ಬೇರೆ ಬರ್ತದೆ."

ಚೈತಾಲಿ ಇನ್ನೂ ಸೌಟು ಹಿಡಿದು ಬಗ್ಗಿಯೇ ಇದ್ದಳು. ಅವಳು ತಮ್ಮಲೆಯ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ಅಮ್ಮನ ಆಣೆಯನ್ನು ನಡೆಸಬೇಕಾದವಳು ಈಗ ಅವಳೇ. ಬಿಸಿ ಅನ್ನ ನನ್ನ ಎಲೆಗೆ ಬಿತ್ತು, ಒಂದು ಸೌಟು, ಮತ್ತೊಂದು ಸೌಟು. ಅದರ ಮೇಲೆ ಕೋಳಿ ಸಾರು. ಎಲೆ ಬಿಸಿಗೆ ಬಾಡಿ ಬಣ್ಣ ಬದಲಿಸಿತು.

"ತಮ್ಮಲೆ," ಅಂದೆ, "ನಿಂತು ಕಾಲು ನೋವಾಗ್ತದೆ. ಕೂತು ನೋಡಿ."

ಅವರು ಕೂರಲಿಲ್ಲ, ಹೋಗಲೂ ಇಲ್ಲ. ನಾನು ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಜಗಿದು, ನುಂಗಿ, ಚೈತಾಲಿಯ ಕಡೆ ತಲೆಯೆತ್ತಿದೆ.

"ಉಪ್ಪು ಕಮ್ಮಿ ಆಗಿದೆ ಮಗ, ಸ್ವಲ್ಪ ತಾ," ಅಂದೆ. "ಇಲ್ಲಿ ಕೂತ ಉಳಿದವರು ಹೇಳುವುದಿಲ್ಲ. ನಾನು ಹೇಳ್ತೇನೆ."